ನಿಂತ ಅಣುಸ್ಥಾವರಕ್ಕೂ ನೀರು ಬೇಕು

(ದಾಂಡೇಲಿಯಲ್ಲಿ ಗಿರಣಿ ಕೆಲಸಗಾರರೂ ಪೇಟೆಯ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ. ಹಳಿಯಾಳ, ಜೋಯಿಡಾ, ಮುಂಡಗೋಡಗಳಿಂದಲೂ ಮಿತ್ರರು ಬಂದಿದ್ದರು.)



ಕೈಗಾದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿ ಕಳುಹಿಸಿದವರು ಜೊತೆಗೆ ಒಂದು ಪ್ರಶ್ನೆಯನ್ನೂ ಕಳುಹಿಸಿದ್ದರು. “ಸ್ಥಾವರ ಓಡುತ್ತಿರುವಾಗ ಅಪಾಯವಿದ್ದೀತು, ಒಪ್ಪಿದೆವು. ದುರಸ್ತಿಗೆಂದು ಬಂದು ಮಾಡಿದಾಗಲಾದರೂ ನಿಶ್ಚಿಂತೆಯಷ್ಟೆ?” ಎಂದು. ಪ್ರಶ್ನೆ ಸಣ್ಣದು. ಆದರೆ ಅಣುಶಕ್ತಿಯ ಒಳಗುಟ್ಟೆಲ್ಲ ಅದರಲ್ಲೇ ಅಡಗಿದೆ. ಆದುದರಿಂದ ಇವೊತ್ತು ಅದೊಂದನ್ನೇ ಹಿಡಿದು ಮಾತನಾಡುತ್ತೇನೆ. ಅಣುಶಕ್ತಿ ಬೇಕೇ ಬೇಡವೇ ಎಂಬ ದೊಡ್ಡ ವಾದವನ್ನು ಇಲ್ಲಿ ಎತ್ತುವುದಿಲ್ಲ. ಆ ವಾದವನ್ನು ಈ ಜಿಲ್ಲೆಯಲ್ಲಿ ಶಿವರಾಮ ಕಾರಂತರೇ ಎತ್ತಿದ್ದರು. 1989ರಲ್ಲಿ ಲೋಕಸಭೆಗೆ ಇಲ್ಲಿಂದಲೇ ನಿಂತು ಸೋತರು. ಸ್ಥಾವರ ಬಂದಾಯಿತು, ನಾಲ್ಕು ಘಟಕಗಳಾದವು. ಇದ್ದದ್ದನ್ನು ಕುರಿತು ಮಾತನಾಡೋಣ.

ಅನ್ನದ ಒಲೆಯಿಂದ ಕೊಳ್ಳಿ ಹಿರಿದರೆ ಉರಿ ನಿಲ್ಲುತ್ತದೆ, ಕೆಂಡ ಉಳಿಯುತ್ತದೆ. ಬೂದಿ ಮುಚ್ಚಿದ ಕೆಂಡವೆಂಬ ಮಾತು ನಮ್ಮಲ್ಲಿ ಯಾರಿಗೂ ಹೊಸದಲ್ಲ. ನಮ್ಮ ಕಾಗದದ ಗಿರಣಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ರಿಕವರಿ ಬಾಯ್ಲರಿಗೆ ಕಪ್ಪು ಲಿಕ್ಕರು ಹೊಡೆಯುವುದನ್ನು ನಿಲ್ಲಿಸಿದ ಮೇಲೂ ತಳದ ಕೆಂಡದ ಹಾಸು ಗಂಟೆಗಟ್ಟಲೆ ಕಾದೇ ಇರುತ್ತದೆ. ಆ ಹೊತ್ತಿನಲ್ಲಿ ಬಾಯ್ಲರಿನವರು ಬೀಡಿ ಹಚ್ಚಿಕೊಂಡು ಮನೆಗೆ ಹೋಗುವುದಿಲ್ಲ. ಅಣುಸ್ಥಾವರದಲ್ಲೂ ಹೀಗೆಯೇ, ಆದರೆ ಒಂದು ವ್ಯತ್ಯಾಸವಿದೆ. ಕೆಂಡಕ್ಕೆ ಗಾಳಿ ಬೇಕು, ನೀರು ಹೊಯ್ದರೆ ಆರುತ್ತದೆ. ಈ ಕೆಂಡಕ್ಕೆ ಗಾಳಿ ಬೇಡ, ನೀರಿನಿಂದ ಆರುವುದೂ ಇಲ್ಲ. ನೀರು ಅದರ ಕಾವನ್ನು ಹೊತ್ತು ಒಯ್ಯುತ್ತದೆ, ಅಷ್ಟೆ. ಹೊತ್ತು ಒಯ್ಯುವುದು ನಿಂತರೆ ಕಾವು ಅಲ್ಲಿಯೇ ಕೂಡುತ್ತ ಹೋಗುತ್ತದೆ.

ಇದು ಯಾಕೆ ಹೀಗೆ? ರಿಯಾಕ್ಟರಿನೊಳಗೆ ಯುರೇನಿಯಮ್ಮಿನ ಕಣ ಸೀಳುತ್ತದೆ, ಕಾವು ಹುಟ್ಟುತ್ತದೆ. ಸೀಳಿದ ಚೂರುಗಳೂ ಸುಮ್ಮನಿರುವುದಿಲ್ಲ. ಅವು ತಾವೂ ಒಡೆಯುತ್ತ, ವಿಕಿರಣ ಬಿಡುತ್ತ, ಕಾವು ಕೊಡುತ್ತ ಇರುತ್ತವೆ. ತಡೆಸಲಾಕೆಗಳನ್ನು ಕೆಳಗಿಳಿಸಿದರೆ ಯುರೇನಿಯಂ ಸೀಳುವುದು ಕ್ಷಣಮಾತ್ರದಲ್ಲಿ ನಿಲ್ಲುತ್ತದೆ. ಚೂರುಗಳ ಕಾವನ್ನು ನಿಲ್ಲಿಸುವ ಗುಂಡಿ ಮಾತ್ರ ಲೋಕದ ಯಾವ ಸ್ಥಾವರದಲ್ಲಿಯೂ ಇಲ್ಲ. ಅದು ತನ್ನ ಪಾಡಿಗೆ ತಾನು ಇಳಿಯಬೇಕು.

ಕೈಗಾದ ಒಂದೊಂದು ಘಟಕವೂ 220 ಮೆಗಾವಾಟ್ ವಿದ್ಯುತ್ತಿನದು. ಅಷ್ಟು ವಿದ್ಯುತ್ತು ಕೊಡಲು ರಿಯಾಕ್ಟರು ಸುಮಾರು 750ರಿಂದ 800 ಮೆಗಾವಾಟ್ ಕಾವು ಹುಟ್ಟಿಸುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಇದರ ನೂರಕ್ಕೆ ಆರೇಳು ಭಾಗ, ಎಂದರೆ 50 ಮೆಗಾವಾಟಿನಷ್ಟು ಕಾವು ಉಳಿದಿರುತ್ತದೆ. ಒಂದು ಗಂಟೆಗೆ ಅದು ಹತ್ತು-ಹನ್ನೆರಡಕ್ಕೆ ಇಳಿಯುತ್ತದೆ. ಒಂದು ದಿನ ಕಳೆದ ಮೇಲೆ ಸುಮಾರು ನಾಲ್ಕು ಮೆಗಾವಾಟ್. ನಾಲ್ಕೇ ಅಲ್ಲವೇ ಎನ್ನಬೇಡಿ. ಒಂದು ಕಿಲೋವಾಟಿನ ನಾಲ್ಕು ಸಾವಿರ ವಿದ್ಯುತ್ ಒಲೆಗಳನ್ನು ಒಂದೇ ಕೋಣೆಯಲ್ಲಿ ಹಗಲಿರುಳು ಉರಿಯಬಿಟ್ಟಂತೆ ಅದು. ಗಂಟೆಗೆ ಐದಾರು ಸಾವಿರ ಲೀಟರು ನೀರನ್ನು ಆವಿಮಾಡಿ ಹಾರಿಸುತ್ತದೆ. ನಮ್ಮೂರಿಗೆ ಬೇಸಿಗೆಯಲ್ಲಿ ಬರುವ ಟ್ಯಾಂಕರಿನ ಲೆಕ್ಕದಲ್ಲಿ ಗಂಟೆಗೊಂದು ಟ್ಯಾಂಕರು. ತಿಂಗಳು ಕಳೆದರೂ ಮೆಗಾವಾಟಿನಷ್ಟು ಕಾವು ಉಳಿದೇ ಇರುತ್ತದೆ. ಸುಟ್ಟ ಇಂಧನವನ್ನು ಹೊರತೆಗೆದು ನೀರಿನ ಕೊಳದಲ್ಲಿ ಮುಳುಗಿಸಿಟ್ಟ ಮೇಲೂ ವರ್ಷಗಟ್ಟಲೆ ಆ ಕೊಳವನ್ನು ತಂಪಾಗಿಡಬೇಕು.

ಈ ಕಾವನ್ನು ಕೈಗಾದಲ್ಲಿ ಹೊರಕ್ಕೆ ಸಾಗಿಸುವ ಬಗೆ ಹೇಗೆ? ಊರಲ್ಲಿ ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಇಂಧನದ ಕಾವನ್ನು ಮೊದಲು ಭಾರಜಲವೆಂಬ ವಿಶೇಷ ನೀರು ಹೊರುತ್ತದೆ. ಅದು ಕೊಳವೆಗಳ ಗೋಡೆಯ ಮೂಲಕ ಇನ್ನೊಂದು ನೀರಿಗೆ ದಾಟಿಸುತ್ತದೆ. ಆ ನೀರು ಮತ್ತೊಂದಕ್ಕೆ. ಓಡುವ ಕಾಲಕ್ಕೆ ಈ ಸಾಲಿನ ಕಟ್ಟಕಡೆಯ ಕೈ ನಮ್ಮ ಕಾಳಿನದಿ. ಕದ್ರಾ ಅಣೆಕಟ್ಟಿನ ಹಿಂದೆ ನಿಂತ ನೀರು. ಜೋಯಿಡಾ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸೂಪಾದಲ್ಲಿ ತಡೆಹಿಡಿಸಿಕೊಂಡು, ನಮ್ಮ ದಾಂಡೇಲಿಯ ಮಗ್ಗುಲಲ್ಲಿ ಹರಿದು, ಬೊಮ್ಮನಹಳ್ಳಿ, ನಾಗಝರಿ, ಕೊಡಸಳ್ಳಿಗಳನ್ನು ದಾಟಿ ಹೋದ ನೀರೇ ಅದು. ಸಾಲಿನಲ್ಲಿ ಒಬ್ಬ ಕೊಡ ಕೆಳಗಿಟ್ಟರೂ ಸಾಕು, ಉಳಿದವರು ಎಷ್ಟು ದುಡಿದರೂ ಪ್ರಯೋಜನವಿಲ್ಲ. ಈ ಸಾಲಿಗೆ ಪಂಪು ಬೇಕು, ಪಂಪಿಗೆ ವಿದ್ಯುತ್ತು ಬೇಕು. ಸ್ಥಾವರ ನಿಂತಿರುವಾಗ ತನ್ನ ವಿದ್ಯುತ್ತು ತನಗೇ ಇಲ್ಲ! ವಿದ್ಯುತ್ ಕಾರ್ಖಾನೆಯೇ ಹೊರಗಿನ ತಂತಿಯ ಕಡೆ ಕೈಯೊಡ್ಡಿ ನಿಲ್ಲುತ್ತದೆ. ತಂತಿಯೂ ಕಡಿದರೆ ಡೀಸೆಲ್ ಜನರೇಟರು. ಅದೂ ಕೈಕೊಟ್ಟರೆ ಬ್ಯಾಟರಿ. ಬ್ಯಾಟರಿಯಿಂದ ದೀಪ, ಮಾಪಕಗಳು ಕೆಲವು ಗಂಟೆ ನಡೆದಾವು, ದೊಡ್ಡ ಪಂಪು ತಿರುಗದು.

ನಮ್ಮ ಎಂಜಿನಿಯರರು ಇದನ್ನು ಯೋಚಿಸಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಕೈಗಾದ ಮಾದರಿಯಲ್ಲಿ ಉಗಿ ಹುಟ್ಟಿಸುವ ದೊಡ್ಡ ಪಾತ್ರೆಗಳನ್ನು ರಿಯಾಕ್ಟರಿಗಿಂತ ಎತ್ತರದಲ್ಲಿ ಇಟ್ಟಿದ್ದಾರೆ. ಬಿಸಿನೀರು ತಾನಾಗಿ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ಪಂಪು ನಿಂತರೂ ಹರಿವು ಪೂರ್ತಿ ನಿಲ್ಲದು. ಆ ಪಾತ್ರೆಗಳಿಗೆ ಹೊರಗಿನಿಂದ ನೀರು ತುಂಬುತ್ತಿದ್ದರೆ ಕಾವು ಉಗಿಯಾಗಿ ಹೋಗುತ್ತದೆ. ಇದು ಒಳ್ಳೆಯ ಏರ್ಪಾಡು. ಆದರೆ ದುರಸ್ತಿಯ ಕಾಲದಲ್ಲಿ ಏನಾಗುತ್ತದೆ ನೋಡಿ. ಪಂಪಿನ ಸೀಲು ಬದಲಿಸಬೇಕು, ಉಗಿಪಾತ್ರೆಯ ಕೊಳವೆ ತಪಾಸಣೆ ಮಾಡಬೇಕು ಎಂದಾಗ ಒಳಗಿನ ನೀರಿನ ಮಟ್ಟವನ್ನು ತಗ್ಗಿಸುತ್ತಾರೆ. ಮಟ್ಟ ತಗ್ಗಿತೆಂದರೆ ಮೇಲೇರಿ ಇಳಿಯುವ ದಾರಿ ತುಂಡಾಯಿತು. ಆಗ ಉಳಿಯುವುದು ನಿಲುಗಡೆಯ ಕಾಲಕ್ಕೆಂದೇ ಇರುವ ಪಂಪುಗಳ ಹರಿವು. ಎಲ್ಲರೂ ನಿಶ್ಚಿಂತೆಯ ಕಾಲವೆಂದು ತಿಳಿದ ಹೊತ್ತಿನಲ್ಲಿಯೇ ಒಂದು ಊರುಗೋಲು ಕಡಮೆಯಾಗಿರುತ್ತದೆ.

ಇದೆಲ್ಲ ಪುಸ್ತಕದ ಮಾತಾಯಿತು, ನಡೆದದ್ದು ಹೇಳಿ ಎಂದೀರಿ. ನಮ್ಮ ದೇಶದಲ್ಲಿಯೇ ನಡೆದದ್ದನ್ನು ಹೇಳುತ್ತೇನೆ.

ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯಲ್ಲಿ ಗಂಗೆಯ ದಂಡೆಗೆ ನರೋರಾ ಎಂಬಲ್ಲಿ ಅಣುಸ್ಥಾವರವಿದೆ. ಕೈಗಾದ ಅಣ್ಣ ಎನ್ನಬಹುದು. ಅದೇ 220 ಮೆಗಾವಾಟು, ಅದೇ ಭಾರಜಲದ ಜಾತಿ. 1993ರ ಮಾರ್ಚ್ 31ರ ನಸುಕಿಗೆ, ಮೂರೂವರೆಯ ಹೊತ್ತಿಗೆ, ಅದರ ಒಂದನೆಯ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದವು. ತೂಕ ತಪ್ಪಿದ ಚಕ್ರ ಗಡಗಡ ನಡುಗಿತು. ಗಿರಣಿಯಲ್ಲಿ ದೊಡ್ಡ ರೋಲರಿನ ಬೇರಿಂಗು ಹೋದಾಗ ನೆಲ ನಡುಗುವುದನ್ನು ಕಂಡವರು ನೀವು. ಅದನ್ನು ನೂರು ಪಟ್ಟು ಮಾಡಿಕೊಳ್ಳಿ. ಜನರೇಟರನ್ನು ತಣಿಸಲಿಟ್ಟ ಹೈಡ್ರೋಜನ್ ಅನಿಲ ಹೊರಗೆ ಬಂತು, ಎಣ್ಣೆಯ ಕೊಳವೆ ಒಡೆಯಿತು, ಬೆಂಕಿ ಹತ್ತಿತು. ಒಂದು ನಿಮಿಷದೊಳಗೆ ಕೆಲಸಗಾರರು ರಿಯಾಕ್ಟರನ್ನು ನಿಲ್ಲಿಸಿದರು. ಸ್ಥಾವರ ನಿಂತಿತು. ನಿಜವಾದ ಕಷ್ಟ ಆಮೇಲೆ ಶುರುವಾಯಿತು.

ಬೆಂಕಿ ಕೇಬಲ್ಲುಗಳನ್ನು ಹಿಡಿಯಿತು. ಒಂದು ತಪ್ಪಿದರೆ ಒಂದು ಇರಲಿ ಎಂದು ಇಟ್ಟ ಬದಲಿ ವ್ಯವಸ್ಥೆಗಳ ಕೇಬಲ್ಲುಗಳನ್ನೆಲ್ಲ ಒಂದೇ ದಾರಿಯಲ್ಲಿ, ನಡುವೆ ಬೆಂಕಿತಡೆಯಿಲ್ಲದೆ ಎಳೆದಿದ್ದರು. ನಾಲ್ಕು ಬೀಗ ಹಾಕಿ ನಾಲ್ಕರ ಕೀಲಿಗಳನ್ನೂ ಒಂದೇ ಗೊಂಚಲಿಗೆ ಕಟ್ಟಿಟ್ಟ ಹಾಗೆ. ಎಲ್ಲವೂ ಒಟ್ಟಿಗೇ ಸುಟ್ಟವು. ಡೀಸೆಲ್ ಜನರೇಟರುಗಳಿದ್ದರೂ ಅವುಗಳ ವಿದ್ಯುತ್ತು ಪಂಪಿಗೆ ಮುಟ್ಟುವ ದಾರಿ ಇಲ್ಲವಾಯಿತು. ಘಟಕ ಕತ್ತಲಾಯಿತು. ನಿಯಂತ್ರಣ ಕೊಠಡಿಗೆ ಹೊಗೆ ನುಗ್ಗಿ ಒಳಗಿದ್ದವರು ಹೊರಬರಬೇಕಾಯಿತು. ಸುಮಾರು 17 ಗಂಟೆಗಳ ಕಾಲ ಆ ಘಟಕಕ್ಕೆ ವಿದ್ಯುತ್ತು ಇರಲಿಲ್ಲ.

ಅದನ್ನು ಉಳಿಸಿದವರು ಯಾರು? ಬ್ಯಾಟರಿ ಟಾರ್ಚು ಹಿಡಿದು ಕತ್ತಲಲ್ಲಿ ಕಟ್ಟಡ ಹತ್ತಿ, ವಾಲ್ವುಗಳನ್ನು ಕೈಯಿಂದಲೇ ತಿರುಗಿಸಿ, ರಿಯಾಕ್ಟರು ಮತ್ತೆ ಹೊತ್ತದಂತೆ ಬೋರಾನ್ ದ್ರಾವಣವನ್ನು ಒಳಕ್ಕೆ ಬಿಟ್ಟ ಕೆಲಸಗಾರರು. ಬೆಂಕಿ ನಂದಿಸಲೆಂದು ಇಟ್ಟ ಡೀಸೆಲ್ ಪಂಪನ್ನು ಹಚ್ಚಿ ಉಗಿಪಾತ್ರೆಗಳಿಗೆ ನೀರು ತುಂಬಿಸಿದವರು. ಬಿಸಿನೀರು ಮೇಲೇರುವ ಏರ್ಪಾಡು ಹೇಳಿದೆನಲ್ಲ, ಅದು ಅಂದು ಕೆಲಸ ಮಾಡಿತು. ವಿಕಿರಣ ಹೊರಗೆ ಬರಲಿಲ್ಲ. ಅಂತರರಾಷ್ಟ್ರೀಯ ಮಾಪನದಲ್ಲಿ ಏಳು ಮೆಟ್ಟಿಲುಗಳ ಪೈಕಿ ಮೂರನೆಯ ಮೆಟ್ಟಿಲಿನ ಘಟನೆಯೆಂದು ಬರೆದುಕೊಂಡರು. ಆ ರಾತ್ರಿ ಟಾರ್ಚು ಹಿಡಿದು ಹತ್ತಿದವರ ಹೆಸರು ನಮ್ಮ ಶಾಲೆಯ ಯಾವ ಪಾಠದಲ್ಲೂ ಇಲ್ಲ. ಹತ್ತು ವರ್ಷ ಮೇಷ್ಟರಾಗಿ ಪಾಠ ಹೇಳಿದ ನನಗೆ ಇದು ನೋವಿನ ಸಂಗತಿ.

ಅಲಗುಗಳ ದೋಷ ಯಾರಿಗೂ ಗೊತ್ತಿರಲಿಲ್ಲವೇ? ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ನರು ನಿವೃತ್ತರಾದ ಮೇಲೆ ಬರೆದಿದ್ದಾರೆ: ಆ ಬಗೆಯ ಅಲಗುಗಳು ಮುರಿಯಬಹುದೆಂಬ ಎಚ್ಚರಿಕೆ ವಿದೇಶದ ತಯಾರಕರಿಂದ ಮೊದಲೇ ಬಂದಿತ್ತು, ಬದಲಾಯಿಸುವ ಕೆಲಸ ಮಾತ್ರ ಆಗಿರಲಿಲ್ಲ. ಕೇಬಲ್ಲಿನ ಪಾಠವೂ ಹಳೆಯದೇ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಗಾಳಿ ಸೋರುವ ಸಂದಿಯನ್ನು ಮೇಣದಬತ್ತಿ ಹಿಡಿದು ಹುಡುಕಹೋಗಿ ಕೇಬಲ್ಲಿಗೆ ಬೆಂಕಿ ಹತ್ತಿಸಿಕೊಂಡಿದ್ದರು. ಹದಿನೆಂಟು ವರ್ಷಗಳ ಹಿಂದಿನ ಪಾಠ ಗಂಗೆಯ ದಂಡೆಗೆ ಮುಟ್ಟುವ ಹೊತ್ತಿಗೆ ಬೆಂಕಿಯೇ ಮುಟ್ಟಿತ್ತು. ನರೋರಾದ ನಂತರ ನಮ್ಮ ಸ್ಥಾವರಗಳಲ್ಲಿ ಕೇಬಲ್ಲುಗಳನ್ನು ಬೇರ್ಪಡಿಸುವ, ಬೆಂಕಿತಡೆ ಹಾಕುವ, ಅಲಗುಗಳನ್ನು ಬದಲಿಸುವ ಕೆಲಸ ನಡೆಯಿತು. ಕೈಗಾ ಆಗಿನ್ನೂ ಕಟ್ಟುವ ಹಂತದಲ್ಲಿತ್ತು. ಅದಕ್ಕೆ ಈ ಪಾಠದ ಲಾಭ ಸಿಕ್ಕಿತು.

ನರೋರಾ ಓಡುತ್ತಿದ್ದು ನಿಂತ ಸ್ಥಾವರ. ದುರಸ್ತಿಗೆಂದು ಮೊದಲೇ ನಿಲ್ಲಿಸಿದ್ದರ ಕಥೆಯೊಂದಿದೆ, ಲಾರಿಯವರು ಕೇಳಬೇಕಾದದ್ದು. ಅಮೆರಿಕದ ಜಾರ್ಜಿಯಾ ರಾಜ್ಯದ ವೋಗ್ಟಲ್ ಸ್ಥಾವರ, 1990ರ ಮಾರ್ಚ್ 20. ಒಂದನೆಯ ಘಟಕ ಇಂಧನ ಬದಲಿಸಲೆಂದು ನಿಂತಿತ್ತು. ಎರಡು ಡೀಸೆಲ್ ಜನರೇಟರುಗಳಲ್ಲಿ ಒಂದನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದರು. ವಿದ್ಯುತ್ ಅಂಗಳದಲ್ಲಿ ಒಂದು ಲಾರಿ ಹಿಂದಕ್ಕೆ ಸರಿಯುತ್ತ ತಂತಿಯ ಆಧಾರಕಂಬಕ್ಕೆ ತಾಗಿತು. ಹೊರಗಿನ ವಿದ್ಯುತ್ತು ಹೋಯಿತು. ಉಳಿದೊಂದು ಡೀಸೆಲ್ ಹೊತ್ತಿಕೊಂಡು ನಿಂತಿತು, ಮತ್ತೆ ಹೊತ್ತಿಸಿದರು, ಮತ್ತೆ ನಿಂತಿತು. 36 ನಿಮಿಷ ಹರಿವಿಲ್ಲ. ಅಷ್ಟರಲ್ಲಿ ರಿಯಾಕ್ಟರಿನ ನೀರು 32 ಡಿಗ್ರಿಯಿಂದ 58 ಡಿಗ್ರಿಗೆ ಏರಿತು. ಕಡೆಗೆ ಜನರೇಟರು ನಿಂತುಕೊಂಡಿತು, ಅನಾಹುತ ತಪ್ಪಿತು. ಒಬ್ಬ ಲಾರಿ ಚಾಲಕ, ಒಂದು ಕಂಬ, ಅಷ್ಟೆ. ಇಲ್ಲಿ ಚಾಲಕನನ್ನು ಬೈಯುವವರು ಬೈದಾರು. ಅಂಗಳದಲ್ಲಿ ಲಾರಿ ತಿರುಗಲು ಬಿಟ್ಟವರು, ಹೊರಗಿನ ತಂತಿಯ ಮೇಲೆ ಜೀವ ನಿಂತಿರುವ ದಿನವೇ ಡೀಸೆಲನ್ನು ಬಿಚ್ಚಿಸಿದವರು ಯಾರೆಂದು ನಾನು ಕೇಳುತ್ತೇನೆ.

ಜಪಾನಿನ ಫುಕುಶಿಮಾವನ್ನು ಎಲ್ಲರೂ ಕೇಳಿದ್ದೀರಿ. 2011ರ ಮಾರ್ಚ್ 11. ಭೂಕಂಪವಾದಾಗ ಓಡುತ್ತಿದ್ದ ಮೂರು ಘಟಕಗಳೂ ಸರಿಯಾಗಿಯೇ ನಿಂತವು. ಮುಕ್ಕಾಲು ಗಂಟೆಯಲ್ಲಿ ಸಮುದ್ರ ಏರಿ ಬಂದು ಡೀಸೆಲ್ಲುಗಳನ್ನೂ ಪಂಪುಗಳನ್ನೂ ಮುಳುಗಿಸಿತು. ನಿಂತಿದ್ದ ರಿಯಾಕ್ಟರುಗಳೇ ಮೂರೂ ಕರಗಿದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋದರು. ಇದು ಪತ್ರಿಕೆಗಳಲ್ಲಿ ಬಂದ ಭಾಗ. ಅಷ್ಟಾಗಿ ಬಾರದೇ ಹೋದ ಇನ್ನೊಂದು ಭಾಗವಿದೆ. ಅಲ್ಲಿ ಐದು ಮತ್ತು ಆರನೆಯ ಘಟಕಗಳು ಮೊದಲೇ ತಪಾಸಣೆಗೆ ನಿಂತಿದ್ದವು. ಅವುಗಳಲ್ಲೂ ಇಂಧನವಿತ್ತು, ಕಾವಿತ್ತು, ಅವುಗಳ ಸಮುದ್ರನೀರಿನ ಪಂಪುಗಳೂ ಹಾಳಾದವು. ಆರನೆಯ ಘಟಕದ ಒಂದೇ ಒಂದು ಡೀಸೆಲ್ ಉಳಿಯಿತು; ಅದು ಗಾಳಿಯಿಂದ ತಣಿಯುವ ಜಾತಿಯದು, ಸ್ವಲ್ಪ ಎತ್ತರದ ಜಾಗದಲ್ಲಿತ್ತು. ಅದರಿಂದ ಐದನೆಯ ಘಟಕಕ್ಕೂ ಕೇಬಲ್ ಎಳೆದು, ತಾತ್ಕಾಲಿಕ ಪಂಪುಗಳನ್ನು ತಂದು ಕೂಡಿಸಿ, ಮಾರ್ಚ್ 20ಕ್ಕೆ ಎರಡನ್ನೂ ತಂಪಿಗೆ ತಂದರು. ಒಂದು ಎಂಜಿನ್ನು ಎಲ್ಲಿ ಕೂತಿತ್ತು ಎಂಬುದರ ಮೇಲೆ ಎರಡು ರಿಯಾಕ್ಟರುಗಳ ಹಣೆಬರಹ ನಿಂತಿತ್ತು. ನಮ್ಮಲ್ಲಿಯೂ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಲ್ಪಾಕ್ಕಂ ಸ್ಥಾವರದ ಸಮುದ್ರನೀರಿನ ಪಂಪುಮನೆಗೆ ನೀರು ನುಗ್ಗಿತ್ತು. ಓಡುತ್ತಿದ್ದ ಘಟಕವನ್ನು ನಿಲ್ಲಿಸಿ ಸುರಕ್ಷಿತವಾಗಿ ತಣಿಸಿದರು.

ಕೈಗಾಕ್ಕೆ ಸಮುದ್ರವಿಲ್ಲ, ಅಣೆಕಟ್ಟಿದೆ. ಅಣೆಕಟ್ಟಿನ ಸಂಗತಿಗೆ ಉಕ್ರೇನಿನ ಝಪೋರಿಝಿಯಾ ಸ್ಥಾವರವನ್ನು ನೋಡಬೇಕು. 2022ರ ಮಾರ್ಚಿನಲ್ಲಿ ರಷ್ಯದ ಸೇನೆ ಅದನ್ನು ಹಿಡಿಯಿತು. ಅದೇ ಸೆಪ್ಟೆಂಬರಿನಲ್ಲಿ ಆರೂ ರಿಯಾಕ್ಟರುಗಳನ್ನು ನಿಲ್ಲಿಸಿದರು. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದು, ಸ್ಥಾವರಕ್ಕೆ ನೀರು ಕೊಡುತ್ತಿದ್ದ ಜಲಾಶಯವೇ ಬರಿದಾಯಿತು. ರಿಯಾಕ್ಟರುಗಳು ತಿಂಗಳುಗಟ್ಟಲೆ ನಿಂತಿದ್ದುದರಿಂದ ಕಾವು ಇಳಿದಿತ್ತು. ಬಾವಿ ಕೊರೆದು ನೀರು ತೆಗೆದು ಸುಧಾರಿಸಿಕೊಂಡರು. ಓಡುತ್ತಿದ್ದಾಗ ಒಡೆದಿದ್ದರೆ ಬಾವಿಯ ನೀರು ಸಾಕಾಗುತ್ತಿತ್ತೇ? ಅಲ್ಲಿ ಹೊರಗಿನ ವಿದ್ಯುತ್ತು ಮತ್ತೆ ಮತ್ತೆ ಕಡಿಯಿತು. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸುಮಾರು ಒಂದು ತಿಂಗಳು ಡೀಸೆಲ್ಲಿನ ಮೇಲೆಯೇ ನಡೆಸಿದರು. ಒಂದು ಯೂನಿಟ್ ವಿದ್ಯುತ್ತನ್ನೂ ಹುಟ್ಟಿಸದ ಸ್ಥಾವರ ಸುಮಾರು ಒಂದು ತಿಂಗಳು ಡೀಸೆಲ್ ಕುಡಿಯಿತು.

ಇನ್ನು ನಮ್ಮ ಕೈಗಾಕ್ಕೆ ಬರೋಣ. ಇಲ್ಲಿ ಹರಿವು ನಿಂತು ಅನಾಹುತವಾದ ಘಟನೆಯನ್ನು ಹೇಳಲು ನಾನು ನಿಂತಿಲ್ಲ. ಆಗದಿರಲಿ ಎಂದೇ ಮಾತನಾಡುತ್ತಿದ್ದೇನೆ. ಆದರೆ ನಮ್ಮ ಕಣ್ಣೆದುರು ಆದದ್ದು ಕೆಲವಿದೆ. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಮೈಯಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟು ಕಳಚಿ ಬಿತ್ತು. ವಿಕಿರಣವನ್ನು ಹೊರಬಿಡಬಾರದ ಗುಮ್ಮಟ, ಒಳಗೆ ಇಂಧನ ತುಂಬುವ ಮೊದಲೇ ಕುಸಿಯಿತು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. 2000ದಲ್ಲಿ ಎರಡು ಘಟಕಗಳು ಕೆಲಸ ಆರಂಭಿಸಿದವು, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು. ಇನ್ನೆರಡು, ಒಂದೊಂದೂ 700 ಮೆಗಾವಾಟಿನವು, ಕಟ್ಟಲು 2017ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು.

2009ರ ನವೆಂಬರಿನಲ್ಲಿ ಇನ್ನೊಂದು ನಡೆಯಿತು. ಒಂದನೆಯ ಘಟಕ ವಾರ್ಷಿಕ ದುರಸ್ತಿಗೆ ನಿಂತಿದ್ದ ಕಾಲ. ಕೆಲಸಗಾರರು ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಷಿಯಂ ಬೆರೆತ ಭಾರಜಲ ಸೇರಿತ್ತು. ಐವತ್ತಕ್ಕೂ ಹೆಚ್ಚು ಜನರ ಮೈಗೆ ಅದು ಹೋಯಿತು. ಯಾರೋ ಬೇಕೆಂದೇ ಬೆರೆಸಿದ್ದೆಂದು ಅಧಿಕಾರಿಗಳು ಹೇಳಿದರು. ಅದು ತಣಿಸುವ ಹರಿವಿನ ಪ್ರಶ್ನೆಯಲ್ಲ, ನಿಜ. ಆದರೂ ಇಲ್ಲಿ ಹೇಳುವುದಕ್ಕೆ ಕಾರಣವಿದೆ. ನಿಲುಗಡೆಯ ಕಾಲದಲ್ಲಿ ಸ್ಥಾವರದೊಳಕ್ಕೆ ಹೊರಗಿನ ಜನ ಹೆಚ್ಚು ಬರುತ್ತಾರೆ. ಗುತ್ತಿಗೆಯ ಫಿಟ್ಟರು, ವೆಲ್ಡರು, ಕೂಲಿ. ನಮ್ಮ ಗಿರಣಿಯ ವಾರ್ಷಿಕ ಬಂದಿನಲ್ಲಿ ಗೇಟಿನ ಹೊರಗೆ ಎಷ್ಟು ಹೊಸ ಮುಖಗಳು ನಿಲ್ಲುತ್ತವೆ ಎಂದು ನಿಮಗೆ ಗೊತ್ತು. ಯಾವ ವಾಲ್ವು ತಿರುಗಿಸಿದರೆ ಯಾವ ನೀರು ನಿಲ್ಲುತ್ತದೆ ಎಂಬುದು ಇಪ್ಪತ್ತು ವರ್ಷ ಅಲ್ಲೇ ಇದ್ದವನಿಗೆ ಗೊತ್ತು, ಹದಿನೈದು ದಿನಕ್ಕೆ ಬಂದವನಿಗೆ ಗೊತ್ತಿಲ್ಲ. ಅದು ಅವನ ತಪ್ಪಲ್ಲ. ಅವನಿಗೆ ಕಲಿಸದೆ ಒಳಗೆ ಕಳಿಸಿದವರದು.

ನನ್ನ ಮಾತಿನ ತಿರುಳಿಗೆ ಬಂದೆ. ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಲೋಕದಾಖಲೆ ಮಾಡಿತು. ಹಾರ ತುರಾಯಿಗಳಾದವು, ಆಗಬೇಕಾದದ್ದೇ; ದುಡಿದವರಿಗೆ ಸಲ್ಲಬೇಕಾದ ಗೌರವ. ಆದರೆ 963ನೆಯ ದಿನಕ್ಕೆ ಹಾರ ಹಾಕಿದವರು ಯಾರಿದ್ದಾರೆ? ಓಡುವ ದಿನ ಸ್ಥಾವರ ಹಣ ತರುತ್ತದೆ. ನಿಂತ ದಿನ ವಿದ್ಯುತ್ತಿಲ್ಲ, ಮಾರಾಟವಿಲ್ಲ, ಖರ್ಚು ಮಾತ್ರ. ಅಂಗಡಿಕಾರ ಮಿತ್ರರೇ, ಅಂಗಡಿ ಮುಚ್ಚಿದ ದಿನ ಕಾವಲುಗಾರನ ಸಂಬಳ ಕೊಡುವಾಗ ಕೈ ಹೇಗೆ ಎಳೆಯುತ್ತದೆ ಎಂದು ನಿಮ್ಮನ್ನು ಕೇಳಬೇಕಾಗಿಲ್ಲ. ಲೋಕದಲ್ಲೆಲ್ಲ ಅಣುಸ್ಥಾವರ ನಡೆಸುವವರಿಗೆ ನಿಲುಗಡೆಯ ದಿನ ಕಡಮೆ ಮಾಡುವ ಆತುರ ಇದ್ದೇ ಇರುತ್ತದೆ. ಇಪ್ಪತ್ತು ದಿನದ ಕೆಲಸ ಹದಿನೈದು ದಿನದಲ್ಲಿ ಮುಗಿಯಲಿ. ಡೀಸೆಲ್ ಬಿಚ್ಚುವುದು, ಪಂಪು ಬಿಚ್ಚುವುದು, ವಿದ್ಯುತ್ ಅಂಗಳದ ಕೆಲಸ, ಎಲ್ಲ ಒಟ್ಟಿಗೆ ನಡೆಯಲಿ. ವೋಗ್ಟಲಿನಲ್ಲಿ ಆದದ್ದು ಇಂಥ ಒಟ್ಟಿಗೆಯಿಂದ. ಗಳಿಕೆಯಿಲ್ಲದ ದಿನದ ಕಾವಲಿಗೆ ಖರ್ಚು ಮಾಡಲು ಬಲವಂತ ಮಾಡುವವರು ಬೇಕು. ಲೆಕ್ಕದ ಪುಸ್ತಕ ಅದನ್ನು ತಾನಾಗಿ ಮಾಡುವುದಿಲ್ಲ.

ಇದು ಸರಕಾರಿ ನಿಗಮದ ಸ್ಥಾವರವಾಗಿದ್ದರೂ ಈ ಮಾತು ನಿಲ್ಲುತ್ತದೆ. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿ ಅಣುವಿದ್ಯುತ್ತಿಗೆ ಖಾಸಗಿ ಕಂಪನಿಗಳನ್ನು ಬಿಡಲು ಬಾಗಿಲು ತೆರೆಯಿತು. ಲಾಭದ ಮೇಲೆ ಕಣ್ಣಿಟ್ಟವನು ನಿಂತ ದಿನಗಳನ್ನು ಹೇಗೆ ನೋಡುತ್ತಾನೆ ಎಂಬುದನ್ನು ಗಿರಣಿಯ ಜನಕ್ಕೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಾವೇನು ಕೇಳಬೇಕು? ಗುಟ್ಟು ಕೇಳಬೇಡಿ. ಅಣುಶಕ್ತಿಯ ಗುಟ್ಟು ನಮಗೆ ಬೇಕಾಗಿಲ್ಲ. ನಿಲುಗಡೆಯ ಕಾಲದಲ್ಲಿ ಎಷ್ಟು ಡೀಸೆಲ್ಲುಗಳು ಸಿದ್ಧವಾಗಿರುತ್ತವೆ, ಎಷ್ಟನ್ನು ಬಿಚ್ಚಿರುತ್ತಾರೆ? ಅವು ಕೂತ ಎತ್ತರವೆಷ್ಟು? ಫುಕುಶಿಮಾದ ನಂತರ ನಮ್ಮ ಸ್ಥಾವರಗಳಿಗೆ ಹೊರಗಿನಿಂದ ನೀರು ತುಂಬಲು ಕೊಳವೆಯ ಬಾಯಿಗಳನ್ನು ಹೆಚ್ಚಾಗಿ ಕೂಡಿಸಿದರು, ಒಳ್ಳೆಯದು. ಆ ಬಾಯಿಗೆ ಹಿಡಿಯುವ ನೀರನ್ನೂ ಪಂಪನ್ನೂ ಮಳೆಗಾಲದ ರಾತ್ರಿ ಯಾವ ದಾರಿಯಿಂದ ತರುತ್ತಾರೆ? ಇದು ಪೊಳ್ಳು ಪ್ರಶ್ನೆಯಲ್ಲ. 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳು ಮುಳುಗಿದವು. 2021ರ ಜುಲೈನಲ್ಲಿ ಮತ್ತೆ ಮುಳುಗಿದವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿಯ ಹಳೆಯ ಹೆದ್ದಾರಿ ಸೇತುವೆಯೇ ಲಾರಿಸಹಿತ ಹೊಳೆಗೆ ಬಿತ್ತು. ಘಟ್ಟದ ರಸ್ತೆಗಳಲ್ಲಿ ಮಣ್ಣು ಕುಸಿಯದ ಮಳೆಗಾಲ ಯಾವುದಿದೆ? ಅನಾಹುತಗಳು ಒಂದೊಂದಾಗಿ ಚೀಟಿ ಹಿಡಿದು ಸಾಲಿನಲ್ಲಿ ಬರುವುದಿಲ್ಲ. ನೆರೆ, ಕುಸಿತ, ತಂತಿ ಕಡಿತ ಮೂರೂ ಒಂದೇ ರಾತ್ರಿ ಬಂದಾವು. ಮೇಲಿನ ಸೂಪಾ, ಕೊಡಸಳ್ಳಿಗಳ ನೀರು ಬಿಡುವವರಿಗೂ ಕೈಗಾದ ನಿಯಂತ್ರಣ ಕೊಠಡಿಗೂ ಆ ರಾತ್ರಿ ಮಾತು ಹೇಗೆ ನಡೆಯುತ್ತದೆ ಎಂಬುದನ್ನು ಜಿಲ್ಲಾಡಳಿತ ನಮಗೆ ಕನ್ನಡದಲ್ಲಿ ಬರೆದು ಹೇಳಬೇಕು. ಗುತ್ತಿಗೆಯ ಕೆಲಸಗಾರನಿಗೆ ಒಳಗೆ ಕಾಲಿಡುವ ಮೊದಲು ಎಷ್ಟು ದಿನದ ಪಾಠ, ಯಾವ ಭಾಷೆಯಲ್ಲಿ, ತಪ್ಪು ಕಂಡಾಗ ಬಾಯಿ ಬಿಟ್ಟರೆ ಅವನ ಕೂಲಿ ಉಳಿಯುತ್ತದೆಯೇ? ನನ್ನ ದೃಷ್ಟಿಯಲ್ಲಿ ಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ನರೋರಾದಲ್ಲಿ ಯಂತ್ರಗಳೆಲ್ಲ ಕೈಬಿಟ್ಟ ಮೇಲೆ ಉಳಿದದ್ದು ಕೆಲಸ ಬಲ್ಲ ಮನುಷ್ಯನ ಕೈ.

ಭಾಷಣ ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಮಿತ್ರರು ಚೀಟಿ ಕಳುಹಿಸಿದ್ದಾರೆ. ಓದುತ್ತೇನೆ. “ಹೊಳೆ ನಮ್ಮಿಂದ ಅವರ ಕಡೆಗೆ ಹರಿಯುತ್ತದೆ, ಅವರಿಂದ ನಮ್ಮ ಕಡೆಗಲ್ಲ. ದಾಂಡೇಲಿಯವರಿಗೆ ಈ ಚಿಂತೆ ಯಾಕೆ?”

ಕೇಳಿದ್ದು ಸರಿಯಾಗಿದೆ. ಸ್ಥಾವರದ ಸುತ್ತ 16 ಕಿಲೋಮೀಟರಿನ ವರೆಗೆ ತುರ್ತು ಯೋಜನೆಯ ವಲಯವೆಂದು ಗುರುತು ಹಾಕಿ, ಅಲ್ಲಿ ಅಣಕು ಕಾರ್ಯಾಚರಣೆ ನಡೆಸುವ ಪದ್ಧತಿಯಿದೆ. ಕಾಗೆ ಹಾರಿದ ದಾರಿಯಲ್ಲಿ ಅಳೆದರೆ ಜೋಯಿಡಾ ಪೇಟೆ ಕೈಗಾದಿಂದ ಸುಮಾರು 35 ಕಿಲೋಮೀಟರು, ದಾಂಡೇಲಿ 45ರ ಮೇಲೆ, ಹಳಿಯಾಳ, ಮುಂಡಗೋಡ 60ರ ಆಚೆ ಈಚೆ. ನಾವು ಗೆರೆಯ ಹೊರಗೆ. ಆದರೆ ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ; ಕೈಗಾಕ್ಕೆ ಈಶಾನ್ಯದಲ್ಲಿರುವವರು ಯಾರೆಂದು ಭೂಪಟ ತೆಗೆದು ನೋಡಿ. ಫುಕುಶಿಮಾದಲ್ಲಿ ಇಟಾಟೆ ಎಂಬ ಹಳ್ಳಿ ಸ್ಥಾವರದಿಂದ 30-40 ಕಿಲೋಮೀಟರು ದೂರ, ಗೆರೆಯ ಹೊರಗೇ ಇತ್ತು. ಗಾಳಿ ಅತ್ತ ತಿರುಗಿ ಮಳೆ-ಹಿಮ ಬಿತ್ತು. ತಿಂಗಳ ಮೇಲೆ ಆ ಹಳ್ಳಿಯನ್ನೂ ಖಾಲಿ ಮಾಡಿಸಿದರು. ಅಂಥದ್ದು ಇಲ್ಲಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮತ್ತೆ, ಕೈಗಾದೊಳಗೆ ದುರಸ್ತಿಗೆ ಹೋಗುವ ಫಿಟ್ಟರ ಪೈಕಿ ಈ ನಾಲ್ಕು ತಾಲೂಕಿನ ಹುಡುಗರು ಇದ್ದಾರೆಯೇ ಎಂದು ಚೀಟಿ ಬರೆದ ಮಿತ್ರರು ತಮ್ಮ ಓಣಿಯಲ್ಲಿಯೇ ವಿಚಾರಿಸಿ ನೋಡಲಿ. ಇದ್ದರೆ ಅವರನ್ನು ಮುಂದಿನ ಸಭೆಗೆ ಕರೆತನ್ನಿ. ಅವರಿಗೆ ಎಷ್ಟು ದಿನ ಕಲಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ಆ ಕಾಗದವನ್ನೇ ಜಿಲ್ಲಾಧಿಕಾರಿಗಳ ಮೇಜಿಗೆ ಇಡೋಣ.